ಕಾಯ್ದೆ ಕೊಟ್ಟ ರೆಕಾರ್ಡಿಂಗ್ ಅವಕಾಶಕ್ಕೆ ಟ್ರಾಯ್ ನಿಯಮದ ಬೀಗ

ಸಂಪಾದಕರಿಗೆ,

ಮಾನ್ಯರೇ,

ಕೇಬಲ್ ಚಂದಾದಾರನೊಬ್ಬ ತಾನು ಹಣ ಕೊಟ್ಟು ನೋಡುವ ಎಚ್‌ಡಿ ಚಾನೆಲ್‌ನ ಕಾರ್ಯಕ್ರಮವನ್ನು ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಬಿಡುವಿನಲ್ಲಿ ನೋಡುವುದಕ್ಕೆ ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಆದರೆ ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಹಾಗೆ ಮಾಡಲು ಹೊರಟವನಿಗೆ ನೇರವಾದ ದಾರಿ ಯಾವುದೂ ಸಿಗುವುದಿಲ್ಲ. ಇದಕ್ಕೆ ಕೇಬಲಿನವರನ್ನು ದೂರುವುದು ವಾಡಿಕೆ. ವಿಷಯವನ್ನು ಸ್ವಲ್ಪ ಕೆದಕಿ ನೋಡಿದರೆ ಅಡ್ಡಿಯ ಮೂಲ ಕೇಬಲಿನವರ ಕಚೇರಿಯಲ್ಲಿಲ್ಲ, ದೆಹಲಿಯಲ್ಲಿ ಕುಳಿತು ಬರೆದ ನಿಯಮವೊಂದರ ಒಂದೇ ಸಾಲಿನಲ್ಲಿದೆ ಎಂಬುದು ತಿಳಿಯುತ್ತದೆ. ಆ ಸಾಲಿನ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಮತ್ತು ಜನಪ್ರತಿನಿಧಿಗಳ ಗಮನ ಸೆಳೆಯಲು ಈ ಪತ್ರ.

ಮೊದಲಿಗೆ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ನೋಡೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಮು ಪ್ರಸಾರ ಸಂಸ್ಥೆಗಳಿಗೆ ತಮ್ಮ ಪ್ರಸಾರದ ಮೇಲೆ 25 ವರ್ಷಗಳ ವಿಶೇಷ ಹಕ್ಕನ್ನು ಕೊಡುತ್ತದೆ. ಅವರ ಅನುಮತಿಯಿಲ್ಲದೆ ಪ್ರಸಾರವನ್ನು ರೆಕಾರ್ಡ್ ಮಾಡುವುದು ಆ ಹಕ್ಕಿನ ಉಲ್ಲಂಘನೆಯಾಗುತ್ತದೆ. ಆದರೆ ಅದೇ ಕಾಯ್ದೆಯ 39ನೇ ಕಲಮು, ರೆಕಾರ್ಡ್ ಮಾಡುವವನು ತನ್ನ ಖಾಸಗಿ ಉಪಯೋಗಕ್ಕಾಗಿ ಮಾಡಿಕೊಂಡ ಧ್ವನಿ ಅಥವಾ ದೃಶ್ಯ ಮುದ್ರಣವನ್ನೂ, ಪ್ರಾಮಾಣಿಕವಾದ ಬೋಧನೆ ಮತ್ತು ಸಂಶೋಧನೆಗಾಗಿಯೇ ಮಾಡಿಕೊಂಡ ಮುದ್ರಣವನ್ನೂ ಉಲ್ಲಂಘನೆ ಎಂದು ಪರಿಗಣಿಸಬಾರದು ಎಂದು ಹೇಳುತ್ತದೆ. 2012ರ ತಿದ್ದುಪಡಿಯ ನಂತರ 52ನೇ ಕಲಮಿನ ಖಾಸಗಿ ಉಪಯೋಗದ ರಿಯಾಯಿತಿಯೂ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಬಿಟ್ಟು ಎಲ್ಲ ಬಗೆಯ ಕೃತಿಗಳಿಗೆ ವಿಸ್ತರಿಸಿದೆ. ಸಂಸತ್ತು ಇಷ್ಟು ಬಿಡಿಸಿ ಹೇಳಿದ ಮೇಲೆ, ರಾತ್ರಿ ಪ್ರಸಾರವಾದ ಯಕ್ಷಗಾನವನ್ನು ಮರುದಿನ ಮಧ್ಯಾಹ್ನ ನೋಡಲೆಂದು ಮುದ್ರಿಸಿಟ್ಟುಕೊಂಡವನನ್ನು ಕಳ್ಳನೆನ್ನುವುದಕ್ಕೆ ಯಾರಿಗೂ ಆಧಾರವಿಲ್ಲ.

ಇನ್ನು ನಿಯಮದ ವಿಚಾರ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ನಾವೆಲ್ಲ ಟ್ರಾಯ್ ಎಂದು ಕರೆಯುವ ಸಂಸ್ಥೆ, 2017ರಲ್ಲಿ ಹೊರಡಿಸಿದ ಅಂತರ್‌ಸಂಪರ್ಕ ನಿಯಮಾವಳಿಯ ಮೂರನೇ ಅನುಸೂಚಿಯಲ್ಲಿ ಕೇಬಲ್ ಮತ್ತು ಡಿಟಿಎಚ್ ವಿತರಕರ ಉಪಕರಣಗಳು ಹೇಗಿರಬೇಕು ಎಂಬುದರ ಉದ್ದನೆಯ ಪಟ್ಟಿಯಿದೆ. ಕಾರ್ಯಕ್ರಮ ರೆಕಾರ್ಡ್ ಮಾಡುವ ಸೌಲಭ್ಯವುಳ್ಳ ಸೆಟ್‌ಟಾಪ್ ಬಾಕ್ಸುಗಳಲ್ಲಿ ನಕಲು ತಡೆಯುವ ವ್ಯವಸ್ಥೆ ಇರಲೇಬೇಕು ಎಂಬುದು ಆ ಪಟ್ಟಿಯ ಒಂದು ಷರತ್ತು. ಯಾವ ನಕಲನ್ನು ತಡೆಯಬೇಕು, ಯಾವುದನ್ನು ತಡೆಯಬಾರದು, ಕಾಯ್ದೆ ಅನುಮತಿಸಿದ ಖಾಸಗಿ ಮುದ್ರಣಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ಯಾವ ವಿವರಣೆಯೂ ಆ ಸಾಲಿಗೆ ಅಂಟಿಕೊಂಡಿಲ್ಲ. ಹೀಗಿರುವಾಗ ಬಾಕ್ಸ್ ತಯಾರಕನೂ ವಿತರಕನೂ ತಮಗೆ ಸುರಕ್ಷಿತವಾದ ಅರ್ಥವನ್ನೇ ಹಿಡಿದು ಎಲ್ಲವನ್ನೂ ಬೀಗದೊಳಗೆ ಇಡುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಮೊದಲು ಹೀಗಿರಲಿಲ್ಲ. ಕೇಬಲ್ ಅನಲಾಗ್ ಆಗಿದ್ದ ಕಾಲದಲ್ಲಿ ವಿಸಿಆರ್ ಇದ್ದವರು ಕ್ಯಾಸೆಟ್ಟಿನಲ್ಲಿ, ಆಮೇಲೆ ಕಂಪ್ಯೂಟರ್ ಬಂದವರ ಮನೆಯಲ್ಲಿ ಟಿ.ವಿ. ಟ್ಯೂನರ್ ಕಾರ್ಡಿಗೆ ಕೇಬಲಿನ ತಂತಿಯನ್ನು ನೇರವಾಗಿ ಸಿಕ್ಕಿಸಿ, ಬೇಕಾದುದನ್ನು ಮುದ್ರಿಸಿಕೊಳ್ಳುತ್ತಿದ್ದರು. 2011ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆಗೆ ತಿದ್ದುಪಡಿ ಬಂದು, ಪ್ರತಿಯೊಂದು ಚಾನೆಲನ್ನೂ ಗೂಢಲಿಪೀಕರಿಸಿಯೇ ಕಳುಹಿಸಬೇಕೆಂಬ 4ಎ ಕಲಮು ಜಾರಿಯಾಯಿತು. ಮಹಾನಗರಗಳಿಂದ ಆರಂಭವಾದ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು ಮತ್ತು ಮೈಸೂರು ಸೇರಿದವು. ನಮ್ಮ ಮಂಗಳೂರು ಮತ್ತು ಉಡುಪಿ ಮೂರನೆಯ ಹಂತದ ನಗರಗಳು. 2015ರ ಡಿಸೆಂಬರ್ 31ಕ್ಕೆ ನಿಗದಿಯಾಗಿದ್ದ ಆ ಹಂತದ ಗಡುವು ನ್ಯಾಯಾಲಯದ ವ್ಯಾಜ್ಯಗಳ ನಡುವೆ ಮುಂದೆ ಹೋಗಿ 2017ರ ಜನವರಿ 31ಕ್ಕೆ ಬಂದು ನಿಂತಿತು. ಚಿತ್ರ ಸ್ವಚ್ಛವಾಯಿತು, ಚಾನೆಲ್‌ಗಳ ಸಂಖ್ಯೆ ಹೆಚ್ಚಿತು, ಲೆಕ್ಕ ತಪ್ಪಿಸುವ ದಂಧೆ ಕಡಿಮೆಯಾಯಿತು ಎಂಬುದನ್ನೆಲ್ಲ ಒಪ್ಪುತ್ತೇನೆ. ಆದರೆ ಮುದ್ರಿಸಿಕೊಳ್ಳುವ ಅವಕಾಶ ಹೋಗುತ್ತದೆ ಎಂಬುದನ್ನು ಆಗ ಯಾರೂ ಪ್ರಸ್ತಾಪಿಸಿದ ನೆನಪಿಲ್ಲ.

ತಾಂತ್ರಿಕವಾಗಿ ಏನಾಗುತ್ತದೆ ಎಂಬುದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಬೀಗ ಎಲ್ಲಿದೆ ಎಂಬುದು ತಿಳಿಯದೆ ಯಾರ ಬಳಿ ಕೀಲಿ ಕೇಳಬೇಕು ಎಂಬುದು ತಿಳಿಯುವುದಿಲ್ಲ. ಮನೆಗೆ ಬರುವ ಕೇಬಲ್ ತಂತಿಯಲ್ಲಿ ಪ್ರತಿಯೊಂದು ಚಾನೆಲ್ ಕೂಡ 188 ಬೈಟ್‌ಗಳ ಚಿಕ್ಕ ಚಿಕ್ಕ ಕಟ್ಟುಗಳ ಹೊಳೆಯಾಗಿ ಹರಿದು ಬರುತ್ತದೆ. ಆ ಕಟ್ಟುಗಳ ಒಳಗಿನ ಚಿತ್ರ ಮತ್ತು ಧ್ವನಿಯನ್ನು ಕಲಸಿ ಕಳುಹಿಸಲಾಗುತ್ತದೆ. ಅದನ್ನು ಬಿಡಿಸುವ ಕೀಲಿ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತದೆ. ಆ ಕೀಲಿಯೂ ಅದೇ ತಂತಿಯಲ್ಲಿ ಮತ್ತೊಂದು ಗೂಢಲಿಪಿಯೊಳಗೆ ಅಡಗಿ ಬರುತ್ತದೆ. ಅದನ್ನು ಓದಬಲ್ಲದ್ದು ಬಾಕ್ಸಿನೊಳಗಿನ ಸ್ಮಾರ್ಟ್‌ಕಾರ್ಡ್ ಅಥವಾ ಚಿಪ್ ಮಾತ್ರ, ಅದೂ ಚಂದಾ ಪಾವತಿಯಾಗಿದ್ದರೆ ಮಾತ್ರ. ಇದು ಮೊದಲ ಬೀಗ. ಬಾಕ್ಸು ಬಿಡಿಸಿದ ಚಿತ್ರ ಎಚ್‌ಡಿಎಂಐ ತಂತಿಯ ಮೂಲಕ ಟಿ.ವಿ.ಗೆ ಹೋಗುವಾಗ ಎಚ್‌ಡಿಸಿಪಿ ಎಂಬ ಇನ್ನೊಂದು ಗೂಢಲಿಪಿಯಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಇದು ಎರಡನೆಯ ಬೀಗ. ಟಿ.ವಿ.ಗೆ ಅದನ್ನು ತೆರೆಯುವ ಪರವಾನಗಿ ಇದೆ, ಕಂಪ್ಯೂಟರಿಗೆ ಜೋಡಿಸುವ ಸಾಮಾನ್ಯ ಕ್ಯಾಪ್ಚರ್ ಉಪಕರಣಕ್ಕೆ ಇಲ್ಲ.

ಆದ್ದರಿಂದ ಬಾಕ್ಸಿಗಿಂತ ಮೊದಲೇ ತಂತಿಯನ್ನು ಕವಲೊಡೆಸಿ, ಡಿಜಿಟಲ್ ಕೇಬಲ್ ಪ್ರಸಾರದ ಡಿವಿಬಿ-ಸಿ ಎಂಬ ಮಾನದಂಡದ ಟ್ಯೂನರ್ ಒಂದನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಹಾಕಿದರೆ ವಿಚಿತ್ರವಾದ ದೃಶ್ಯ ಕಾಣುತ್ತದೆ. ಚಾನೆಲ್‌ಗಳ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಸಿಗ್ನಲಿನ ಬಲ ತೋರಿಸುವ ಪಟ್ಟಿ ಹಸಿರಾಗಿ ಪೂರ್ತಿ ತುಂಬಿರುತ್ತದೆ. ವಿತರಕರು ಕಾರ್ಯಕ್ರಮ ಸೂಚಿಯನ್ನು ಕಳುಹಿಸುತ್ತಿದ್ದರೆ ಈಗ ನಡೆಯುತ್ತಿರುವ ಕಾರ್ಯಕ್ರಮ ಯಾವುದು, ಮುಂದಿನದು ಎಷ್ಟು ಗಂಟೆಗೆ ಎಂಬುದೂ ಮೂಡುತ್ತದೆ. ರೆಕಾರ್ಡ್ ಗುಂಡಿ ಒತ್ತಿದರೆ ಕಡತದ ಗಾತ್ರ ನಿಮಿಷ ನಿಮಿಷಕ್ಕೂ ಬೆಳೆಯುತ್ತ ಹೋಗುತ್ತದೆ. ಚಿತ್ರದ ಚೌಕಟ್ಟು ಮಾತ್ರ ಕಪ್ಪು. ನಮ್ಮದೇ ಹಣದ ಚಾನೆಲ್ ಪೂರ್ಣವಾಗಿ ನಮ್ಮ ಡಿಸ್ಕಿನಲ್ಲಿ ಬಂದು ಕುಳಿತಿದೆ, ನಾವು ಅದನ್ನು ನೋಡಲಾರೆವು. ಶೇಖರಣೆಯ ಜಾಗವೂ ಇಂದು ಸಮಸ್ಯೆಯಲ್ಲ: ಸೆಕೆಂಡಿಗೆ 7 ಮೆಗಾಬಿಟ್ ವೇಗದಲ್ಲಿ ಬರುವ ಎಚ್‌ಡಿ ಚಾನೆಲ್ ಗಂಟೆಗೆ ಸುಮಾರು 3 ಗಿಗಾಬೈಟ್ ತುಂಬುತ್ತದೆ, ಅಂದರೆ ರಾತ್ರಿ 9ರಿಂದ ಬೆಳಗಿನ 6ರವರೆಗಿನ ಪೂರ್ಣ ಬಯಲಾಟವೊಂದು 30 ಗಿಗಾಬೈಟಿನೊಳಗೆ ಮುಗಿಯುತ್ತದೆ.

ಬಾಕ್ಸಿನ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿಯಿದೆಯಲ್ಲ, ಪೆನ್‌ಡ್ರೈವ್ ಹಾಕಿ ಅದರಲ್ಲಿಯೇ ರೆಕಾರ್ಡ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಹಲವು ಬಾಕ್ಸುಗಳಲ್ಲಿ ಆ ಸೌಲಭ್ಯವಿದೆ, ನಮ್ಮ ಮನೆಯದರಲ್ಲಿಯೂ ಇತ್ತು. ಆದರೆ ಹಾಗೆ ಮುದ್ರಿಸಿದ ಕಡತ ಆ ಒಂದು ಬಾಕ್ಸಿಗೆ ಮಾತ್ರ ಕಟ್ಟಿಹಾಕಿಕೊಂಡಿರುತ್ತದೆ. ಅದೇ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿದರೆ ಅಂಕಿಗಳ ಹೆಸರಿನ ಒಂದಷ್ಟು ಕಡತಗಳು ಕಾಣುತ್ತವೆ, ಯಾವ ಪ್ಲೇಯರಿನಲ್ಲಿಯೂ ತೆರೆಯುವುದಿಲ್ಲ. ಕಳೆದ ಬೇಸಗೆಯ ಕೊನೆಯಲ್ಲಿ, ಕರಾವಳಿಯವರಿಗೆ ಹೊಸದೇನೂ ಅಲ್ಲದ ಸಿಡಿಲು ಮಳೆಯಲ್ಲಿ, ನಮ್ಮ ಬಾಕ್ಸು ಸುಟ್ಟುಹೋಯಿತು. ಕೇಬಲಿನವರು ತಡಮಾಡದೆ ಬೇರೆ ಬಾಕ್ಸು ತಂದು ಜೋಡಿಸಿದರು. ಹಳೆಯ ಮುದ್ರಣಗಳನ್ನು ಅದರಲ್ಲಿ ತೆರೆಯಲು ಹೋದಾಗ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳಿತು. ಜೋಡಿಸಲು ಬಂದ ಹುಡುಗ, ಎಲ್ಲರ ಮನೆಯಲ್ಲಿಯೂ ಹೀಗೆಯೇ ಆಗುತ್ತದೆ, ಕಂಪನಿಗೆ ಹೇಳಿದರೂ ಏನೂ ಮಾಡಲಿಕ್ಕಾಗುವುದಿಲ್ಲ ಎಂದ. ಅವನು ಹೇಳಿದ್ದು ನಿಜ. ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿದ ಮೇಲೆ ದೀಪಾವಳಿಯವರೆಗೆ ನೋಡಲೆಂದು ಋತುವಿಡೀ ಕೂಡಿಟ್ಟಿದ್ದ ಪ್ರಸಂಗಗಳೆಲ್ಲ ಆ ಡ್ರೈವಿನಲ್ಲಿ ಇನ್ನೂ ಇವೆ. ಅವುಗಳ ಕೀಲಿ ಗುಜರಿ ಸೇರಿದ ಬಾಕ್ಸಿನಲ್ಲಿತ್ತು.

ಇನ್ನು ಅಡ್ಡದಾರಿಯ ವಿಷಯ. ಎಚ್‌ಡಿಎಂಐ ತಂತಿಯ ನಡುವೆ ಇಡುವ ಕೆಲವು ಅಗ್ಗದ ಕವಲು ಪೆಟ್ಟಿಗೆಗಳು ಎರಡನೆಯ ಬೀಗವನ್ನು ಕಳಚಿಬಿಡುತ್ತವೆ ಎಂಬುದು ಕಂಪ್ಯೂಟರ್ ಅಂಗಡಿಗಳಲ್ಲಿ ಗುಟ್ಟೇನೂ ಅಲ್ಲ. ಆ ದಾರಿ ನನಗೆ ಹಿಡಿಸುವುದಿಲ್ಲ. ಹಾಗೆ ಬಂದ ಚಿತ್ರವನ್ನು ಕಂಪ್ಯೂಟರು ಮತ್ತೊಮ್ಮೆ ಸಂಕೋಚಿಸಬೇಕಾಗುವುದರಿಂದ ಗುಣಮಟ್ಟ ಕುಗ್ಗುತ್ತದೆ, ಬಾಕ್ಸು ಇಡೀ ಹೊತ್ತು ಅದೇ ಚಾನೆಲಿನಲ್ಲಿ ಚಾಲೂ ಇರಬೇಕಾಗುತ್ತದೆ, ಹೊತ್ತಿಗೆ ಸರಿಯಾಗಿ ಚಾನೆಲ್ ಬದಲಿಸುವ ಕೆಲಸವೂ ಕಂಪ್ಯೂಟರಿನ ಕೈಯಲ್ಲಿರುವುದಿಲ್ಲ. ಕಾಯ್ದೆಯ ದೃಷ್ಟಿಯಿಂದಲೂ ಅದು ತೊಡಕಿನ ಜಾಗ. 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಕಾಯ್ದೆ ನಿಷೇಧಿಸದ ಉದ್ದೇಶಕ್ಕಾಗಿ ಮುರಿದರೆ ಆ ಕಲಮು ಅಡ್ಡಬರುವುದಿಲ್ಲ. ಆದರೆ ಹಾಗೆ ಮುರಿಯಲು ಇನ್ನೊಬ್ಬರಿಗೆ ನೆರವಾಗುವವನು ನೆರವು ಪಡೆದವನ ಹೆಸರು, ವಿಳಾಸ, ಗುರುತಿನ ವಿವರ ಮತ್ತು ಉದ್ದೇಶವನ್ನು ಪೂರ್ತಿಯಾಗಿ ದಾಖಲಿಸಿಟ್ಟುಕೊಳ್ಳಬೇಕು. ಅಂದರೆ ಯಕ್ಷಗಾನ ಮುದ್ರಿಸಿಕೊಳ್ಳಲು ಅಜ್ಜನಿಗೆ ತಂತಿ ಜೋಡಿಸಿಕೊಟ್ಟ ಮೊಮ್ಮಗ ಅಜ್ಜನ ವಿಳಾಸವನ್ನು ಲೆಡ್ಜರಿನಲ್ಲಿ ಬರೆದಿಡಬೇಕು! ಮುರಿಯುವುದಕ್ಕೆ ಇಷ್ಟು ನಿಯಮ ಬರೆದವರು, ಮುರಿಯದೆಯೇ ತೆರೆಯುವಂತಹ ವ್ಯವಸ್ಥೆಯೊಂದನ್ನು ಮಾಡಿ ಎಂದು ಯಾರಿಗೂ ಹೇಳಲಿಲ್ಲ.

ಬೀಗ ಸಡಿಲಿಸಿದರೆ ಪೈರಸಿ ಹೆಚ್ಚುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಸಿನಿಮಾ ಮತ್ತು ಕ್ರಿಕೆಟ್ಟಿಗೆ ಕೋಟಿಗಟ್ಟಲೆ ಸುರಿದವರ ಭಯ ಸಕಾರಣವಾದುದೇ. ಆದರೆ ಅದನ್ನು ಹತೋಟಿಯಲ್ಲಿಡುವ ಸಾಧನವನ್ನು ಟ್ರಾಯ್‌ನ ಅದೇ ಅನುಸೂಚಿ ಬೇರೆಡೆ ಕೊಟ್ಟಿದೆ. ಪರದೆಯ ಮೇಲೆ ಆಗೀಗ ಎಲ್ಲೋ ಒಂದು ಕಡೆ ಉದ್ದನೆಯ ಸಂಖ್ಯೆಯೊಂದು ಮಿಂಚಿ ಮಾಯವಾಗುವುದನ್ನು ಎಲ್ಲರೂ ನೋಡಿರುತ್ತೀರಿ. ಭಾಗವತರು ಪದ್ಯ ಎತ್ತುಗಡೆ ಮಾಡಿದ್ದಾರೆ, ವೇಷಧಾರಿ ಇನ್ನೇನು ಧಿಗಿಣ ತೆಗೆಯಬೇಕು, ಅಷ್ಟರಲ್ಲಿ ಕಿರೀಟದ ಅಂಚಿನಲ್ಲಿ ಬಿಳಿಯ ಅಂಕಿಗಳು ಕಾಣಿಸಿಕೊಳ್ಳುತ್ತವೆ. ಅದಕ್ಕೆ ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ; ಆ ಸಂಖ್ಯೆ ನಮ್ಮ ಬಾಕ್ಸಿನ ಅಥವಾ ಕಾರ್ಡಿನ ಗುರುತು, ಅದರ ಹಿಂದೆ ನಮ್ಮ ಹೆಸರು ಮತ್ತು ವಿಳಾಸ ಇವೆ. ಆ ಮುದ್ರಣವನ್ನು ಯಾರಾದರೂ ಬಹಿರಂಗವಾಗಿ ಹಂಚಿದರೆ ಮೂಲ ಯಾರ ಮನೆ ಎಂಬುದನ್ನು ಪತ್ತೆಹಚ್ಚುವುದಕ್ಕೆಂದೇ ಅದನ್ನು ಕಡ್ಡಾಯ ಮಾಡಿದ್ದಾರೆ. ರಸಭಂಗವಾದರೂ ನಾವು ಸಹಿಸಿಕೊಂಡು ಬಂದಿರುವ ಈ ಅಂಕಿಗಳು ಕಳ್ಳನನ್ನು ಹಿಡಿಯಬಲ್ಲವಾದರೆ, ಕಳ್ಳನಲ್ಲದವನ ಡಿಸ್ಕಿಗೂ ಬೀಗ ಹಾಕುವ ಅಗತ್ಯವೇನಿತ್ತು? ನಾನು ಕೇಳುತ್ತಿರುವುದು ಹಂಚುವ ಸ್ವಾತಂತ್ರ್ಯವನ್ನಲ್ಲ. ದುಬೈಯಲ್ಲಿರುವ ಭಾವನಿಗೆ ಕಳುಹಿಸುವುದು, ವಾಟ್ಸ್‌ಆ್ಯಪ್ ಬಳಗಕ್ಕೆ ಹಾಕುವುದು ಖಾಸಗಿ ಉಪಯೋಗದ ವ್ಯಾಪ್ತಿಗೆ ಬರುವುದಿಲ್ಲ, ಬರಬೇಕೆಂಬುದು ನನ್ನ ವಾದವೂ ಅಲ್ಲ.

ಇಂತಹ ವ್ಯವಸ್ಥೆ ಸಾಧ್ಯವೇ ಎಂಬ ಪ್ರಶ್ನೆಗೆ ಅಮೆರಿಕದ ಅನುಭವ ಉತ್ತರಿಸುತ್ತದೆ. ಅಲ್ಲಿನ ಸುಪ್ರೀಂ ಕೋರ್ಟು 1984ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಎಂಬ ವಿಡಿಯೋ ರೆಕಾರ್ಡರಿನ ಪ್ರಕರಣದಲ್ಲಿ, ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿ ಆಮೇಲೆ ನೋಡುವುದು ನ್ಯಾಯಯುತ ಬಳಕೆ ಎಂದು ಐದು ನಾಲ್ಕರ ಬಹುಮತದಿಂದ ತೀರ್ಪಿತ್ತಿತ್ತು. 1996ರ ದೂರಸಂಪರ್ಕ ಕಾಯ್ದೆಯಲ್ಲಿ ಅಲ್ಲಿನ ಸಂಸತ್ತು, ಕೇಬಲ್ ಕಂಪನಿ ಕೊಡುವ ಬಾಕ್ಸನ್ನೇ ಜನ ಬಾಡಿಗೆಗೆ ಪಡೆಯುವಂತಾಗಬಾರದು, ಅಂಗಡಿಯಲ್ಲಿ ಕೊಂಡ ಉಪಕರಣವೂ ಕೆಲಸ ಮಾಡಬೇಕು ಎಂದು ಅಲ್ಲಿನ ಸಂಪರ್ಕ ಆಯೋಗಕ್ಕೆ (ಎಫ್‌ಸಿಸಿ) ನಿರ್ದೇಶಿಸಿತು. ಅದರ ಫಲವೇ ಕೇಬಲ್‌ಕಾರ್ಡ್. ನೋಡಲು ಹಳೆಯ ಲ್ಯಾಪ್‌ಟಾಪ್‌ಗಳಿಗೆ ಹಾಕುತ್ತಿದ್ದ ಕಾರ್ಡಿನಂತಿದ್ದ ಅದರೊಳಗೆ ಬೀಗ ತೆರೆಯುವ ಕೆಲಸವನ್ನಷ್ಟೇ ಇಟ್ಟು, ಉಳಿದೆಲ್ಲವನ್ನೂ ಗ್ರಾಹಕನ ಉಪಕರಣಕ್ಕೆ ಬಿಟ್ಟುಕೊಟ್ಟರು. 2007ರ ಜುಲೈಯಿಂದ ಕೇಬಲ್ ಕಂಪನಿಗಳು ತಾವು ಹೊಸದಾಗಿ ಕೊಡುವ ಬಾಕ್ಸುಗಳಲ್ಲಿಯೂ ಅದೇ ಬಗೆಯ ಪ್ರತ್ಯೇಕ ಕಾರ್ಡನ್ನೇ ಬಳಸಬೇಕಾಯಿತು. ಸೆಟಾನ್ ಕಂಪನಿಯ ನಾಲ್ಕು ಟ್ಯೂನರ್‌ಗಳ ಇನ್ಫಿನಿಟಿವಿ ಮತ್ತು ಸಿಲಿಕಾನ್‌ಡಸ್ಟ್ ಕಂಪನಿಯ ಮೂರು ಟ್ಯೂನರ್‌ಗಳ ಎಚ್‌ಡಿಹೋಮ್‌ರನ್ ಪ್ರೈಮ್ ಎಂಬ ಪೆಟ್ಟಿಗೆಗಳಿಗೆ ಆ ಕಾರ್ಡನ್ನು ಸಿಕ್ಕಿಸಿದರೆ, ಮನೆಯ ಕಂಪ್ಯೂಟರು ಏಕಕಾಲಕ್ಕೆ ಮೂರು ನಾಲ್ಕು ಎಚ್‌ಡಿ ಚಾನೆಲ್‌ಗಳನ್ನು, ಕಂಪನಿ ಕಳುಹಿಸಿದ ಮೂಲ ಗುಣಮಟ್ಟದಲ್ಲಿಯೇ ಮುದ್ರಿಸಿಕೊಳ್ಳುತ್ತಿತ್ತು.

ಕಾರ್ಡಿಗಿಂತಲೂ ಮುಖ್ಯವಾದುದು ಅದರ ಜೊತೆಗೆ ಬಂದ ನಿಯಮ. 2003ರಲ್ಲಿ ಆಯೋಗವು, ಯಾವುದನ್ನು ಎಷ್ಟರ ಮಟ್ಟಿಗೆ ಬೀಗ ಹಾಕಬಹುದು ಎಂಬುದನ್ನು ನಿಗದಿಪಡಿಸಿತು: ಸಾರ್ವಜನಿಕ ಪ್ರಸಾರದ ಚಾನೆಲ್‌ಗಳನ್ನು ಕೇಬಲಿನಲ್ಲಿ ಕಳುಹಿಸುವಾಗ ನಕಲಿಗೆ ಯಾವ ನಿರ್ಬಂಧವನ್ನೂ ಹಾಕುವಂತಿಲ್ಲ, ಚಂದಾ ಚಾನೆಲ್‌ಗಳಲ್ಲಿ ಒಂದು ತಲೆಮಾರಿನ ನಕಲಿಗೆ (ಮೂಲದಿಂದ ನಕಲು ಮಾಡಬಹುದು, ಆ ನಕಲಿನಿಂದ ಮತ್ತೆ ನಕಲು ಮಾಡುವಂತಿಲ್ಲ) ಎಡೆಯಿರಬೇಕು, ಒಂದೊಂದು ಪ್ರದರ್ಶನಕ್ಕೂ ಪ್ರತ್ಯೇಕ ಹಣ ಕೊಟ್ಟು ನೋಡುವಂತಹವನ್ನು ಮಾತ್ರ ಪೂರ್ತಿ ತಡೆಯಬಹುದು. ಉದ್ಯಮದ ಹಿತವನ್ನೂ ವೀಕ್ಷಕನ ಹಿತವನ್ನೂ ಒಂದೇ ಕಾಗದದ ಮೇಲೆ ಬರೆದ ಈ ಕ್ರಮಕ್ಕೆ ಸಮನಾದುದು ನಮ್ಮ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ.

ಅಲ್ಲಿಯೂ ಕಥೆ ಸುಖಾಂತವಾಗಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಂದು ಬಾರಿ ಮಾತ್ರ ನಕಲಿಸಬಹುದು ಎಂಬ ಗುರುತು ಹೊತ್ತ ಕಾರ್ಯಕ್ರಮಗಳನ್ನು ಕಂಪ್ಯೂಟರಿನಲ್ಲಿ ಮುದ್ರಿಸಲು ವಿಂಡೋಸ್ ಮೀಡಿಯಾ ಸೆಂಟರ್ ಒಂದನ್ನೇ ಜನ ನೆಚ್ಚಿಕೊಳ್ಳಬೇಕಾಗಿತ್ತು. ಆ ಮುದ್ರಣವನ್ನು ಬೇರೆ ಕಂಪ್ಯೂಟರಿಗೆ ಒಯ್ದು ನೋಡುವಂತಿರಲಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಆ ತಂತ್ರಾಂಶವನ್ನೇ ಕೈಬಿಟ್ಟಿತು, ಇಡೀ ವ್ಯವಸ್ಥೆಯ ಕಾಲು ಮುರಿದಂತಾಯಿತು. ನಕಲು ನಿಯಮಗಳನ್ನು 2013ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತ್ತು. ಕಂಪನಿಗಳು ತಮ್ಮ ಬಾಕ್ಸಿನಲ್ಲಿ ಕಾರ್ಡನ್ನೇ ಬಳಸಬೇಕೆಂಬ ಷರತ್ತು 2015ರ ಡಿಸೆಂಬರಿನಲ್ಲಿ ಕೊನೆಗೊಂಡಿತು, 2020ರಲ್ಲಿ ಕಾರ್ಡ್ ಒದಗಿಸುವ ಬಾಧ್ಯತೆಯನ್ನೇ ತೆಗೆದುಹಾಕಿದರು. ಅಮೆರಿಕದಲ್ಲಿ ಸೋತದ್ದು ತಂತ್ರಜ್ಞಾನವಲ್ಲ. ಒಂದೇ ಕಂಪನಿಯ ಒಂದೇ ತಂತ್ರಾಂಶದ ಮೇಲೆ ಭಾರ ಹಾಕಿದ್ದೂ, ನಿಯಮದ ಬೆಂಬಲ ಒಂದೊಂದಾಗಿ ಕಳಚಿದ್ದೂ ಅದಕ್ಕೆ ಮುಳುವಾಯಿತು. ನಾವು ಮಾಡುವುದಾದರೆ ಅವೆರಡನ್ನೂ ತಪ್ಪಿಸಬಹುದು.

ನಮ್ಮಲ್ಲಿ ಅದಕ್ಕೆ ಅಡಿಗಲ್ಲು ಇಲ್ಲವೆಂದೂ ಅಲ್ಲ. ಸೆಟ್‌ಟಾಪ್ ಬಾಕ್ಸುಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊಂದಿಕೊಳ್ಳುವಂತಿರಬೇಕು, ದೇಶದಲ್ಲಿ ಮಾರುವ ಡಿಜಿಟಲ್ ಟಿ.ವಿ.ಗಳಲ್ಲಿ ಯುಎಸ್‌ಬಿ ಆಧಾರಿತ ಸಮಾನ ಸಂಪರ್ಕ ಕಿಂಡಿ ಇರಬೇಕು ಎಂದು ಟ್ರಾಯ್ 2020ರ ಏಪ್ರಿಲಿನಲ್ಲಿಯೇ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ಶಿಫಾರಸು ಮಾಡಿದೆ. ಡಿಜಿಟಲ್ ಪ್ರಸಾರದ ಮಾನದಂಡಗಳನ್ನು ರೂಪಿಸುವ ಡಿವಿಬಿ ಸಂಘಟನೆಯ ಸಿಐ ಪ್ಲಸ್ 2.0 ಮಾನದಂಡವನ್ನು ಅದಕ್ಕೆ ಆಯ್ದುಕೊಂಡಿತ್ತು. ಯುರೋಪಿನಲ್ಲಿ 30 ಸೆಂಟಿಮೀಟರಿಗಿಂತ ದೊಡ್ಡ ಪರದೆಯ ಡಿಜಿಟಲ್ ಟಿ.ವಿ.ಗಳಿಗೆ ಇಂತಹ ಕಿಂಡಿ 2002ರ ನಿರ್ದೇಶನದಿಂದಲೇ ಕಡ್ಡಾಯ. ಆ ಶಿಫಾರಸು ಜಾರಿಗೆ ಬಂದರೆ ಬಾಕ್ಸಿನ ಬದಲು ಹೆಬ್ಬೆರಳಿನಷ್ಟು ದೊಡ್ಡ ತುಣುಕೊಂದನ್ನು ಕೇಬಲಿನವರಿಂದ ಪಡೆದು ಟಿ.ವಿ.ಗೋ ಕಂಪ್ಯೂಟರಿಗೋ ಹಾಕಿಕೊಳ್ಳುವುದು ಕಲ್ಪನೆಯಾಗಿ ಉಳಿಯಬೇಕಾಗಿಲ್ಲ. ಆದರೆ ಕಿಂಡಿಯೊಂದೇ ಸಾಲದು. ಸಿಐ ಪ್ಲಸ್ ಮಾನದಂಡದೊಳಗೂ ನಕಲು ನಿರ್ಬಂಧದ ಸಂಕೇತಗಳಿವೆ. ಅವುಗಳನ್ನು ಎಲ್ಲಿ ಬಳಸಬಹುದು ಎಂಬ ನಿಯಮ ಬಾರದೆ ಹೋದರೆ, ಬಾಕ್ಸಿನಲ್ಲಿದ್ದ ಬೀಗ ತುಣುಕಿಗೆ ಸ್ಥಳಾಂತರವಾಗುತ್ತದೆ, ಅಷ್ಟೇ.

ಈಗೆಲ್ಲ ಮೊಬೈಲ್ ಆ್ಯಪ್‌ಗಳಲ್ಲಿ ಹಳೆಯ ಕಂತುಗಳು ಸಿಗುತ್ತವೆ, ಇನ್ನು ರೆಕಾರ್ಡಿಂಗ್ ಯಾಕೆ ಎನ್ನುವವರಿಗೆ ಒಂದು ಮಾತು. ಧಾರಾವಾಹಿ ಮತ್ತು ಸಿನಿಮಾಗಳ ಮಟ್ಟಿಗೆ ಅದು ಸರಿ, ಪ್ರಸಾರಕರ ಮರ್ಜಿ ಇರುವವರೆಗೆ. ಮಳೆಗಾಲದಲ್ಲಿ ಮರ ಬಿದ್ದು ಇಂಟರ್‌ನೆಟ್ ಹೋದ ದಿನ ಆ್ಯಪ್ ಕೈಕೊಡುತ್ತದೆ, ಡಿಸ್ಕಿನಲ್ಲಿದ್ದದ್ದು ಇನ್ವರ್ಟರಿನ ಬಲದಲ್ಲಿ ಓಡುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಜಿಲ್ಲೆಗಳ ಸ್ಥಳೀಯ ಚಾನೆಲ್‌ಗಳಲ್ಲಿ ಬರುವುದು ಯಾವ ಆ್ಯಪ್‌ನ ಭಂಡಾರದಲ್ಲಿಯೂ ನಿಯಮಿತವಾಗಿ ಸಿಗುವಂಥದ್ದಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ನಡೆಯುವ ಪರ್ಯಾಯದ ಮೆರವಣಿಗೆ, ಕುದ್ರೋಳಿಯ ದಸರಾ, ಕಂಬಳದ ಕೊನೆಯ ಸುತ್ತಿನ ಓಟ, ತಾಳಮದ್ದಳೆಯ ಒಂದು ಒಳ್ಳೆಯ ಸಂವಾದ ಇವೆಲ್ಲ ಆ ಹೊತ್ತಿಗೆ ಕೇಬಲಿನಲ್ಲಿ ಹರಿದು ಹೋಗುತ್ತವೆ. ಕೆಲವು ಯೂಟ್ಯೂಬಿನಲ್ಲಿ ಉಳಿಯುತ್ತವೆ, ಉಳಿದವು ಎಲ್ಲಿಯೂ ಉಳಿಯುವುದಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರದಂತಹ ಕಡೆ ಹೆಜ್ಜೆ ಕಲಿಯುವ ವಿದ್ಯಾರ್ಥಿಗೋ, ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ತುಳು ಆಚರಣೆಗಳ ಮೇಲೆ ಪ್ರಬಂಧ ಬರೆಯುವವರಿಗೋ ಬೇಕಾದದ್ದು ಇಂತಹ ಮುದ್ರಣಗಳೇ. 39ನೇ ಕಲಮು ಬೋಧನೆ ಮತ್ತು ಸಂಶೋಧನೆಯನ್ನು ಹೆಸರಿಸಿಯೇ ಹೇಳಿದೆ.

ಸ್ಥಳೀಯ ಚಾನೆಲ್‌ಗಳ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಅವುಗಳನ್ನು ನೋಡಲು ಪ್ರತ್ಯೇಕ ದರವಿಲ್ಲ, ಆದಷ್ಟು ಹೆಚ್ಚು ಜನ ನೋಡಲಿ ಎಂಬುದೇ ಅವುಗಳ ಆಸೆ. ಆದರೂ 4ಎ ಕಲಮಿನ ಕಾರಣದಿಂದ ಅವೂ ಗೂಢಲಿಪಿಯಲ್ಲಿಯೇ ಬರುತ್ತವೆ. ದೂರದರ್ಶನ ಚಂದನದ ಸ್ಥಿತಿಯೂ ಅದೇ. ಮನೆಯ ತಾರಸಿಯಲ್ಲಿ ಡಿಡಿ ಫ್ರೀ ಡಿಶ್‌ನ ಬುಟ್ಟಿ ಇಟ್ಟು ಕಂಪ್ಯೂಟರಿಗೆ ಉಪಗ್ರಹ ಟ್ಯೂನರ್ ಹಾಕಿದವರು ಜೀಸ್ಯಾಟ್-15ರಿಂದ ಬರುವ ಚಂದನವನ್ನು ಯಾವ ಬೀಗವೂ ಇಲ್ಲದೆ ಮುದ್ರಿಸಿಕೊಳ್ಳಬಹುದು. ತಿಂಗಳು ತಿಂಗಳೂ ಹಣ ಕಟ್ಟುವ ಕೇಬಲ್ ಗ್ರಾಹಕನಿಗೆ ಅದೇ ಚಂದನ ಬೀಗ ಹಾಕಿಕೊಂಡು ಬರುತ್ತದೆ. ಪುಕ್ಕಟೆ ನೋಡುವವನಿಗಿಂತ ಹಣ ಕೊಡುವವನಿಗೆ ಕಡಿಮೆ ಅನುಕೂಲ ಎಂಬ ಈ ಲೆಕ್ಕ ಯಾರ ಹಿತಕ್ಕಾಗಿ ಎಂಬುದು ತಿಳಿಯದು. ಎಚ್‌ಡಿ ಆಯ್ದುಕೊಂಡವರಿಗಂತೂ 2019ರಲ್ಲಿ ಜಾರಿಯಾದ ದರ ಪದ್ಧತಿಯಲ್ಲಿ ಒಂದು ಎಚ್‌ಡಿ ಚಾನೆಲನ್ನು ಎರಡು ಸಾಮಾನ್ಯ ಚಾನೆಲ್‌ಗಳಾಗಿ ಎಣಿಸಿ ಜಾಲದ ಶುಲ್ಕ ಹಾಕಿದರು. ಅಮೆರಿಕದಲ್ಲಿ 2012ರ ಅಕ್ಟೋಬರಿನವರೆಗೂ ಕೇಬಲಿನ ಮೂಲ ಶ್ರೇಣಿಯ ಚಾನೆಲ್‌ಗಳನ್ನು ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆಯೇ ಕಳುಹಿಸಬೇಕಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಕೇಂದ್ರ ಸಚಿವಾಲಯವು ಕೇಬಲ್ ಕಾಯ್ದೆಯನ್ನು ಮತ್ತೆ ತಿದ್ದುವ ಸಂದರ್ಭ ಬಂದಾಗ, ದೂರದರ್ಶನದ ಚಾನೆಲ್‌ಗಳು, ಉಚಿತ ಚಾನೆಲ್‌ಗಳು ಮತ್ತು ಸ್ಥಳೀಯ ಚಾನೆಲ್‌ಗಳನ್ನು 4ಎ ಕಲಮಿನ ಗೂಢಲಿಪಿಯ ಕಡ್ಡಾಯದಿಂದ ಹೊರಗಿಡಬೇಕೆಂದು ನಮ್ಮ ಎರಡೂ ಕ್ಷೇತ್ರಗಳ ಸಂಸದರು ಕೇಳಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ಟ್ರಾಯ್ ತನ್ನ ನಿಯಮಾವಳಿಯನ್ನು ಆಗಾಗ ತಿದ್ದುತ್ತಲೇ ಇರುತ್ತದೆ, ಪ್ರತಿ ಬಾರಿಯೂ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅದಕ್ಕೆ ಉತ್ತರ ಬರೆಯುವವರಲ್ಲಿ ಹೆಚ್ಚಿನವರು ಪ್ರಸಾರ ಕಂಪನಿಗಳು, ವಿತರಕರು ಮತ್ತು ಅವರ ಒಕ್ಕೂಟಗಳು. ಕರಾವಳಿಯ ಗ್ರಾಹಕ ವೇದಿಕೆಗಳು, ಯಕ್ಷಗಾನ ಸಂಘಗಳು, ಕಾಲೇಜುಗಳ ಕನ್ನಡ ಮತ್ತು ತುಳು ವಿಭಾಗಗಳು ಮುಂದಿನ ಬಾರಿ ತಾವೂ ಬರೆಯಬೇಕು. ನಕಲು ತಡೆಯುವ ವ್ಯವಸ್ಥೆ ಇರಬೇಕು ಎಂಬ ಆ ಸಾಲನ್ನು ಅಳಿಸಿಹಾಕಿ ಎಂದು ಕೇಳುವ ಅಗತ್ಯವಿಲ್ಲ. ಅದರ ಕೆಳಗೆ ಇಷ್ಟನ್ನು ಸೇರಿಸಿ ಎಂದು ಕೇಳಿದರೆ ಸಾಕು: ಈ ವ್ಯವಸ್ಥೆಯು ಉಚಿತ ಮತ್ತು ಸ್ಥಳೀಯ ಚಾನೆಲ್‌ಗಳಿಗೆ ಅನ್ವಯಿಸತಕ್ಕದ್ದಲ್ಲ, ಚಂದಾ ಚಾನೆಲ್‌ಗಳಲ್ಲಿ ಚಂದಾದಾರನು ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮಿನಂತೆ ಖಾಸಗಿ ಉಪಯೋಗಕ್ಕಾಗಿ ಮಾಡಿಕೊಂಡ ಮುದ್ರಣವು ಆತನ ಮನೆಯ ಕಂಪ್ಯೂಟರಿನಲ್ಲಿ ಮತ್ತು ಇತರ ಉಪಕರಣಗಳಲ್ಲಿ ತೆರೆಯುವಂತಿರತಕ್ಕದ್ದು, ಮತ್ತು ಸೆಟ್‌ಟಾಪ್ ಬಾಕ್ಸ್ ಬದಲಾದ ಕಾರಣಕ್ಕೆ ಅಂತಹ ಮುದ್ರಣವು ನಿರುಪಯುಕ್ತವಾಗತಕ್ಕದ್ದಲ್ಲ.

ಇತಿ ತಮ್ಮ ವಿಶ್ವಾಸಿ,
ಕೇಬಲ್ ಚಂದಾದಾರ,
ಕುಂಜಿಬೆಟ್ಟು, ಉಡುಪಿ